ಬೆರಳಿನ ವೇಗ, ಕಂಪ್ಯೂಟರಿನ ಲೆಕ್ಕ

ಕಂಪ್ಯೂಟರಿನಲ್ಲಿ ಪಿಯಾನೋ ನುಡಿಸುವವರ ದೂರುಗಳನ್ನು ಸೋಸಿದರೆ ಕೊನೆಗೆ ಉಳಿಯುವುದು ಎರಡೇ. ‘ಎಷ್ಟು ಮೆತ್ತಗೆ ಮುಟ್ಟಿದರೂ ಅರಚುತ್ತದೆ’ ಎಂಬುದು ಒಂದು. ‘ಎಷ್ಟು ಕುಟ್ಟಿದರೂ ಬಾಯಿ ಬಿಡುವುದಿಲ್ಲ’ ಎಂಬುದು ಇನ್ನೊಂದು. ಸೋಜಿಗವೆಂದರೆ, ಒಂದೇ ಸಾಫ್ಟ್‌ವೇರಿನ ಮೇಲೆ ಒಂದು ಮನೆಯಿಂದ ಮೊದಲನೆಯ ದೂರು, ಪಕ್ಕದ ಮನೆಯಿಂದ ಎರಡನೆಯದು. ಬೇಸತ್ತವರು ಇನ್ನೊಂದು ಸಾಫ್ಟ್‌ವೇರ್ ಕೊಳ್ಳುತ್ತಾರೆ. ವಾರ ಕಳೆಯುವುದರೊಳಗೆ ಅದರ ಮೇಲೂ ಅದೇ ದೂರು.

ತೊಡಕು ಹೆಚ್ಚಿನ ಸಲ ಇರುವುದು ಬೆರಳಿಗೂ ದನಿಗೂ ನಡುವೆ ಕೂತಿರುವ ಒಂದು ಲೆಕ್ಕದಲ್ಲಿ. ಆ ಲೆಕ್ಕಕ್ಕೆ ವೆಲಾಸಿಟಿ ಕರ್ವ್ ಎಂದು ಹೆಸರು. ಸೆಟ್ಟಿಂಗ್ಸಿನ ಯಾವುದೋ ಮೂಲೆಯಲ್ಲಿ ಒಂದು ಚೌಕ, ಅದರೊಳಗೆ ಓರೆಯಾಗಿ ಹತ್ತಿದ ಒಂದು ಗೆರೆ. ಬಹಳ ಮಂದಿ ಅದನ್ನು ತೆರೆದೇ ನೋಡಿರುವುದಿಲ್ಲ. ತೆರೆದವರಲ್ಲಿ ಹಲವರು ಮನಸ್ಸಿಗೆ ಬಂದಂತೆ ಎಳೆದು ಇನ್ನಷ್ಟು ಕೆಡಿಸಿಕೊಂಡಿರುತ್ತಾರೆ. ಈ ಗೆರೆ ಏನು ಮಾಡಬಲ್ಲದು, ಏನು ಮಾಡಲಾರದು, ಅದನ್ನು ಯಾವ ಕ್ರಮದಲ್ಲಿ ಹೊಂದಿಸಿಕೊಳ್ಳಬೇಕು ಎಂಬ ಬಗ್ಗೆ ಚಾಲ್ತಿಯಲ್ಲಿರುವ ನಿಲುವುಗಳನ್ನು ತೂಗಿ ನೋಡುವುದು ಈ ಬರಹದ ಉದ್ದೇಶ.

ಹೆಸರಿನಲ್ಲೇ ಇರುವ ಗುಣ

ಹಾರ್ಮೋನಿಯಂ ಮುಂದೆ ಕೂತವರಿಗೆ ಗೊತ್ತು: ಮನೆಯನ್ನು ಮೆಲ್ಲಗೆ ಒತ್ತಿದರೂ ಗುದ್ದಿದರೂ ದನಿ ಅಷ್ಟೇ. ಏರಿಳಿತವೆಲ್ಲ ತಿದಿ ಒತ್ತುವ ಕೈಯದು. ಯುರೋಪಿನ ಹಾರ್ಪ್ಸಿಕಾರ್ಡ್‌ನಲ್ಲೂ ಬೆರಳಿಗೆ ಈ ಸ್ವಾತಂತ್ರ್ಯ ಇರಲಿಲ್ಲ. ಕೀ ಒತ್ತಿದರೆ ಗರಿಯ ಮೊನೆಯೊಂದು ತಂತಿಯನ್ನು ಮೀಟುತ್ತಿತ್ತು; ಮೀಟಿನ ಬಲ ಹೆಚ್ಚುಕಡಿಮೆ ಯಾವಾಗಲೂ ಒಂದೇ. ಕ್ಲಾವಿಕಾರ್ಡ್‌ನಲ್ಲಿ ಬೆರಳಿನಿಂದಲೇ ಏರಿಳಿತ ತರಬಹುದಿತ್ತು, ಆದರೆ ಅದರ ದನಿ ಸಭೆಗೆ ಕೇಳುವಂಥದ್ದಲ್ಲ. ಫ್ಲಾರೆನ್ಸಿನ ಮೆಡಿಚಿ ಮನೆತನದ ವಾದ್ಯಗಳ ಉಸ್ತುವಾರಿ ನೋಡುತ್ತಿದ್ದ ಬಾರ್ತೊಲೊಮಿಯೊ ಕ್ರಿಸ್ತೊಫೊರಿ 1700ರ ಹೊತ್ತಿಗೆ ಮೀಟುವುದನ್ನು ಕೈಬಿಟ್ಟು, ಪುಟ್ಟ ಸುತ್ತಿಗೆಯಿಂದ ತಂತಿಯನ್ನು ಹೊಡೆಯುವ ವಾದ್ಯ ಕಟ್ಟಿದ. ಇಟಾಲಿಯನ್ ಭಾಷೆಯಲ್ಲಿ ‘ಪಿಯಾನೊ’ ಎಂದರೆ ಮೆತ್ತಗೆ, ‘ಫೋರ್ಟೆ’ ಎಂದರೆ ಜೋರಾಗಿ. ಎರಡನ್ನೂ ಬೆರಳಿನ ಹತೋಟಿಗೆ ತಂದ ವಾದ್ಯಕ್ಕೆ ಆ ಎರಡರದೇ ಹೆಸರು ಬಂತು. ಅವನ ಕೈಯ ಮೂರು ಪಿಯಾನೋ ಇಂದಿಗೂ ಉಳಿದಿವೆ. 1720ರದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ.

ಪಿಯಾನೋದ ಸುತ್ತಿಗೆಯಲ್ಲಿ ಒಂದು ಜಾಣತನವಿದೆ. ತಂತಿ ಮುಟ್ಟುವ ತುಸು ಮುಂಚೆ ಅದು ಕೀಯ ಹಿಡಿತದಿಂದ ಕಳಚಿಕೊಂಡು, ಉಳಿದ ಕಿರುದಾರಿಯನ್ನು ತನ್ನ ವೇಗದಲ್ಲೇ ಹಾರುತ್ತದೆ. ಹಾಗಾಗಿ ಬೆರಳು ಆಮೇಲೆ ಎಷ್ಟು ಅದುಮಿದರೂ ತಂತಿಗೆ ಅದು ತಿಳಿಯದು. ತಂತಿಗೆ ತಲುಪುವ ಸುದ್ದಿ ಬಹುಪಾಲು ಒಂದೇ, ಸುತ್ತಿಗೆಯ ವೇಗ. ಗ್ರ್ಯಾಂಡ್ ಪಿಯಾನೋಗಳ ಮೇಲೆ ಮಾಡಿದ ಅಳತೆಗಳಲ್ಲಿ, ಕೀ ಕದಲಿದ ಕ್ಷಣದಿಂದ ಸುತ್ತಿಗೆ ತಂತಿ ಮುಟ್ಟುವವರೆಗೆ ಜೋರು ಹೊಡೆತದಲ್ಲಿ ಸುಮಾರು 20 ಮಿಲಿಸೆಕೆಂಡ್, ತೀರ ಮೆತ್ತಗಿನದರಲ್ಲಿ 200ರ ಆಸುಪಾಸು ಹಿಡಿಯುತ್ತದೆ. ವೇಗ ಹೆಚ್ಚಿದಂತೆ ಸುತ್ತಿಗೆಯ ಫೆಲ್ಟ್ ಬಿಗಿದು ಗಟ್ಟಿಯಾಗಿ ವರ್ತಿಸುತ್ತದೆ; ಹಾರ್ಮೋನಿಕ್‌ಗಳು ಹೆಚ್ಚು ಎದ್ದು ದನಿಗೆ ಹೊಳಪು ಬರುತ್ತದೆ. ಅಂದರೆ ಜೋರು ಸ್ವರದ ವಾಲ್ಯೂಮ್ ತಗ್ಗಿಸಿದರೆ ಮೆತ್ತಗಿನ ಸ್ವರವಾಗುವುದಿಲ್ಲ. ಅದು ದೂರದಲ್ಲಿ ಕೇಳಿಸುವ ಜೋರು ಸ್ವರವಷ್ಟೇ. ಈ ಮಾತು ನೆನಪಿದ್ದರೆ ಮುಂದಿನ ಅರ್ಧ ಗೊಂದಲ ತಪ್ಪುತ್ತದೆ.

ಎರಡು ಸ್ವಿಚ್ಚುಗಳ ನಡುವಿನ ಕಾಲ

ಕಂಪ್ಯೂಟರಿಗೆ ಜೋಡಿಸುವ ಕೀಬೋರ್ಡಿನಲ್ಲಿ ತಂತಿಯಿಲ್ಲ. ಅದರ ಪ್ರತಿ ಕೀಯ ಅಡಿಯಲ್ಲಿ ಸಾಮಾನ್ಯವಾಗಿ ಎರಡು ಸ್ವಿಚ್ ಇರುತ್ತವೆ. ಕೀ ಇಳಿಯುವಾಗ ಮೊದಲು ಒಂದು ಕೂಡಿಕೊಳ್ಳುತ್ತದೆ, ಇನ್ನಷ್ಟು ಇಳಿದಾಗ ಮತ್ತೊಂದು. ನಡುವೆ ಕಳೆದ ಕಾಲವನ್ನು ಒಳಗಿನ ಚಿಪ್ ಎಣಿಸುತ್ತದೆ. ಕಾಲ ಕಡಿಮೆಯಾದರೆ ವೇಗ ಹೆಚ್ಚು. ತುಸು ಮೇಲ್ದರ್ಜೆಯವುಗಳಲ್ಲಿ ಮೂರನೆಯ ಸೆನ್ಸರ್ ಇರುತ್ತದೆ. ಕೀ ಪೂರ್ತಿ ಮೇಲೆ ಬರುವ ಮುನ್ನವೇ ಅದೇ ಸ್ವರವನ್ನು ಮತ್ತೆ ನುಡಿಸಲು ಅದು ಅನುಕೂಲ. ‘ಟಚ್ ಸೆನ್ಸಿಟಿವಿಟಿ’ ಎಂಬ ಹೆಸರು ಕೇಳಿದರೆ ಒತ್ತಡ ಅಳೆಯುತ್ತಾರೆ ಅನ್ನಿಸುತ್ತದೆ. ಅಳೆಯುವುದು ಒತ್ತಡವನ್ನಲ್ಲ, ಕಾಲವನ್ನು.

ಹೀಗೆ ಅಳೆದ ಕಾಲ ಒಂದು ಅಂಕೆಯಾಗಿ ಕಂಪ್ಯೂಟರಿಗೆ ಹೋಗುತ್ತದೆ. ಹೋಗುವ ಭಾಷೆ ಮಿಡಿ. ರೋಲ್ಯಾಂಡ್ ಕಂಪನಿಯ ಇಕುತಾರೊ ಕಾಕೆಹಾಶಿ ಮತ್ತು ಸೀಕ್ವೆನ್ಷಿಯಲ್ ಸರ್ಕ್ಯೂಟ್ಸ್‌ನ ಡೇವ್ ಸ್ಮಿತ್ ಮುಂದೆ ನಿಂತು ತಯಾರಕರನ್ನು ಒಪ್ಪಿಸಿದ ಈ ಭಾಷೆ 1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ಎಂಬ ವಾದ್ಯ ವ್ಯಾಪಾರಿಗಳ ಮೇಳದಲ್ಲಿ ಮೊದಲ ಬಾರಿಗೆ ಎಲ್ಲರೆದುರು ಮಾತಾಡಿತು. ಒಂದು ಕಂಪನಿಯ ಪ್ರಾಫೆಟ್-600, ಇನ್ನೊಂದು ಕಂಪನಿಯ ಜುಪಿಟರ್-6 ಎಂಬ ಸಿಂಥಸೈಜರುಗಳು ಒಂದಕ್ಕೊಂದು ಕೇಬಲ್‌ನಿಂದ ಕೂಡಿಕೊಂಡು ಜೊತೆಗೆ ನುಡಿದವು. ವೇಗಕ್ಕೆಂದು ಮಿಡಿ ಕೊಟ್ಟ ಜಾಗ 7 ಬಿಟ್, ಅಂದರೆ 0ರಿಂದ 127. ಸೊನ್ನೆ ಬಂದರೆ ಸ್ವರ ಬಿಟ್ಟಿತು ಎಂದೇ ಅರ್ಥ. ನುಡಿಸಲು ಉಳಿಯುವುದು 1ರಿಂದ 127. ವೇಗ ಅಳೆಯಲಾರದ ಕೀಬೋರ್ಡು ಎಲ್ಲ ಸ್ವರಕ್ಕೂ 64 ಎಂದು ಕಳಿಸಬೇಕೆಂಬ ನಿಯಮವೂ ಇದೆ.

ನಿಯಮ ಅಲ್ಲಿಗೆ ನಿಲ್ಲುತ್ತದೆ. ಇಷ್ಟು ಮಿಲಿಸೆಕೆಂಡಿಗೆ ಇಂತಿಷ್ಟು ಅಂಕೆ ಎಂದು ಕೀಬೋರ್ಡಿನವರನ್ನು ಅದು ಕಟ್ಟಿಹಾಕುವುದಿಲ್ಲ. ಇಷ್ಟು ಅಂಕೆಗೆ ಇಂತಿಷ್ಟು ಜೋರು ಎಂದು ಸಾಫ್ಟ್‌ವೇರಿನವರನ್ನೂ ಕಟ್ಟಿಹಾಕುವುದಿಲ್ಲ. ಕಂಪ್ಯೂಟರ್ ಸಂಗೀತದ ವಿದ್ವಾಂಸ ರೋಜರ್ ಡ್ಯಾನೆನ್‌ಬರ್ಗ್ 2006ರ ಪ್ರಬಂಧವೊಂದರಲ್ಲಿ ಹಲವು ಸಿಂಥಸೈಜರುಗಳಿಗೆ ಒಂದೇ ಅಂಕೆಗಳನ್ನು ಕೊಟ್ಟು ಹೊರಬಂದ ದನಿಯನ್ನು ಅಳೆದರು. ಮೆತ್ತಗಿನದಕ್ಕೂ ಜೋರಿಗೂ ನಡುವಿನ ಅಂತರ ಒಂದೊಂದರಲ್ಲಿ ಒಂದೊಂದು ಥರ ಇತ್ತು. ಅಂಗಡಿಯ ತಕ್ಕಡಿಯಲ್ಲಿ ಒಂದು ಕೆಜಿ ಎಂದರೆ ಎಲ್ಲ ಕಡೆಯೂ ಒಂದು ಕೆಜಿಯೇ. ವೆಲಾಸಿಟಿ 80 ಎಂಬುದಕ್ಕೆ ಅಂಥ ಕಲ್ಲು ಇಲ್ಲ.

ಮೂವರ ಜಗಳ

ಹಾಗಾಗಿ ಇಲ್ಲಿ ಮೂವರು ಪಾಲುದಾರರು: ಕೈ, ಕೀಬೋರ್ಡು, ಸಾಫ್ಟ್‌ವೇರು. ಮೂವರೂ ಬೇರೆ ಬೇರೆ ಕಡೆಯಿಂದ ಬಂದವರು, ಒಬ್ಬರ ಅಳತೆ ಒಬ್ಬರಿಗೆ ಗೊತ್ತಿಲ್ಲ.

ಕೀಬೋರ್ಡುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಸ್ಪ್ರಿಂಗ್ ಹಾಕಿದ ಹಗುರ ಕೀಗಳು ಒಂದು. 61 ಕೀಗಳ ಮನೆಬಳಕೆಯ ವಾದ್ಯಗಳಲ್ಲಿ, ಪುಟ್ಟ ಮಿಡಿ ಕೀಬೋರ್ಡುಗಳಲ್ಲಿ ಕಾಣುವಂಥವು. ಒಳಗೆ ನಿಜವಾದ ತೂಕ ಆಡಿಸುವ ಹ್ಯಾಮರ್ ಆ್ಯಕ್ಷನ್ ಇನ್ನೊಂದು. ಸ್ಪ್ರಿಂಗ್ ಕೀ ಶುರುವಿನಲ್ಲಿ ತಡೆಯೊಡ್ಡದೆ ಸರಕ್ಕನೆ ಇಳಿಯುತ್ತದೆ. ಅದೇ ಕೈ, ಅದೇ ಮನಸ್ಸು. ಅಂಕೆ ಮಾತ್ರ ಮೇಲಕ್ಕೆ ಹಾರುತ್ತದೆ. ಭಾರದ ಕೀ ಹೊರಡುವುದಕ್ಕೇ ತುಸು ಒತ್ತಾಯ ಬೇಕು. ಅಂಥ ಕೀಬೋರ್ಡಿನಲ್ಲಿ ಸಹಜವಾಗಿ ನುಡಿಸುವವರ ಅಂಕೆ ಎಷ್ಟೋ ಸಲ 100ರ ಗಡಿಯನ್ನು ದಾಟುವುದೇ ಇಲ್ಲ. ಮೊದಲನೆಯವರ ದೂರು ‘ಅರಚುತ್ತದೆ’, ಎರಡನೆಯವರದು ‘ಬಾಯಿ ಬಿಡುವುದಿಲ್ಲ’. ಸಾಫ್ಟ್‌ವೇರ್ ಒಂದೇ.

ಹೆಸರುಗಳೂ ದಾರಿ ತಪ್ಪಿಸುತ್ತವೆ. ಯಮಹಾದ ಮನೆಬಳಕೆಯ ಕೀಬೋರ್ಡುಗಳಲ್ಲಿ ಟಚ್‌ಗೆ ಸಾಫ್ಟ್, ಮೀಡಿಯಂ, ಹಾರ್ಡ್, ಫಿಕ್ಸ್ಡ್ ಎಂಬ ಆಯ್ಕೆಗಳಿವೆ. ದನಿ ಮೆತ್ತಗಾಗಲಿ ಎಂದು ಸಾಫ್ಟ್ ಆರಿಸಿದವರಿಗೆ ತಿರುಗುಬಾಣ: ಹಗುರ ಕೈಗೂ ಜೋರು ದನಿ ಕೊಡುವುದೇ ಆ ಆಯ್ಕೆ. ಅಲ್ಲಿ ‘ಸಾಫ್ಟ್’ ಎಂಬುದು ಕೀಯ ವರ್ಣನೆ, ದನಿಯದಲ್ಲ. ಹಾರ್ಡ್‌ನಲ್ಲಿ ಜೋರು ದನಿಗೆ ನಿಜಕ್ಕೂ ಬಲ ಹಾಕಬೇಕು. ಫಿಕ್ಸ್ಡ್‌ನಲ್ಲಿ ಬೆರಳು ಹೇಗೇ ಬಿದ್ದರೂ ಅಂಕೆ ಒಂದೇ. ಪಿಯಾನೋ ನುಡಿಸುವವರಿಗೆ ಅದು ಬೇಡದ ಆಯ್ಕೆ, ಹಾರ್ಮೋನಿಯಂ ಅಥವಾ ಆರ್ಗನ್ ದನಿ ನುಡಿಸುವವರಿಗೆ ತಕ್ಕ ಆಯ್ಕೆ. ಆ ವಾದ್ಯಗಳ ಕೀಗೆ ಏರಿಳಿತ ಇರಲೇ ಇಲ್ಲವಲ್ಲ.

ಗೆರೆಯ ಆಕಾರ

ಈಗ ಆ ಚೌಕಕ್ಕೆ ಬರೋಣ. ಅಡ್ಡಕ್ಕೆ ಕೀಬೋರ್ಡು ಕಳಿಸಿದ ಅಂಕೆ, ಉದ್ದಕ್ಕೆ ಪಿಯಾನೋಗೆ ಕೊಡುವ ಅಂಕೆ. ಗೆರೆ ಮೂಲೆಯಿಂದ ಮೂಲೆಗೆ ನೇರವಾಗಿದ್ದರೆ ಬಂದದ್ದೇ ಹೋಗುತ್ತದೆ, 64ಕ್ಕೆ 64. ಗೆರೆ ಮೇಲಕ್ಕೆ ಉಬ್ಬಿದರೆ ನಡುವಿನ ಅಂಕೆಗಳು ಏರುತ್ತವೆ. ವರ್ಗಮೂಲದ ಲೆಕ್ಕದಲ್ಲಿ ಉಬ್ಬಿಸಿದರೆ 64 ಹೋಗಿ 90 ಆಗುತ್ತದೆ. ಭಾರದ ಕೀಬೋರ್ಡಿಗೆ, ಮೆತ್ತಗಿನ ಕೈಗೆ ಇದು ಆಸರೆ. ಕೆಳಕ್ಕೆ ಜೋತುಬಿದ್ದರೆ ನಡುವಿನ ಅಂಕೆಗಳು ಇಳಿಯುತ್ತವೆ. ವರ್ಗದ ಲೆಕ್ಕದಲ್ಲಿ ಅದೇ 64 ಕುಸಿದು 32ಕ್ಕೆ ಬರುತ್ತದೆ. ಹಗುರ ಸ್ಪ್ರಿಂಗ್ ಕೀಗಳಿಗೆ ಇದು ಕಡಿವಾಣ. ತುದಿಗಳೆರಡೂ ಹೀಗೆ ಬಗ್ಗಿಸಿದಾಗ ಕದಲುವುದಿಲ್ಲ. ಕದಲಬೇಕೆಂದರೆ ತುದಿಯನ್ನೇ ಹಿಡಿದು ಸರಿಸಬೇಕು. ನಿಮ್ಮ ಕೀಬೋರ್ಡಿನಲ್ಲಿ ಗಟ್ಟಿಯಾಗಿ ಹೊಡೆದರೂ 105 ದಾಟದಿದ್ದರೆ, ಬಲತುದಿಯನ್ನು 105ಕ್ಕೆ ಎಳೆದು ಅಲ್ಲೇ 127 ಸಿಗುವಂತೆ ಮಾಡುವುದು ಸರಿಯಾದ ಮದ್ದು. ಇಡೀ ಗೆರೆಯನ್ನು ಉಬ್ಬಿಸಿದರೆ ತುದಿಯ ರೋಗಕ್ಕೆ ನಡುವಿಗೆ ಔಷಧಿ ಹಚ್ಚಿದಂತೆ.

ಇಲ್ಲಿ ಕಣ್ಣಿಗೆ ಬೀಳದ ಒಂದು ನಷ್ಟವಿದೆ. ಅಂಕೆಗಳು ಪೂರ್ಣಾಂಕಗಳು. ಮೇಲಿನ ವರ್ಗಮೂಲದ ಗೆರೆಯಲ್ಲಿ 1 ಹೋಗಿ 11, 2 ಹೋಗಿ 16, 3 ಹೋಗಿ ಸುಮಾರು 20 ಆಗುತ್ತದೆ. ನಡುವಿನ 12ರಿಂದ 15 ಯಾವ ಬೆರಳಿಗೂ ಸಿಗುವುದಿಲ್ಲ. ಅತಿ ಮೆತ್ತಗಿನ ಭಾಗದಲ್ಲಿ ಮೆಟ್ಟಿಲುಗಳ ನಡುವೆ ಕಂದಕ ಬೀಳುತ್ತದೆ, ಅದೂ ನಯ ಬೇಕಾದ ಜಾಗದಲ್ಲೇ. ಆದ್ದರಿಂದ ಗೆರೆಯನ್ನು ಎಷ್ಟು ಕಡಿಮೆ ಬಗ್ಗಿಸಿದರೆ ಅಷ್ಟು ಒಳ್ಳೆಯದು. ಮೊದಲು ಕೀಬೋರ್ಡಿನೊಳಗಿನ ಟಚ್ ಆಯ್ಕೆಯಲ್ಲೇ ಕೈಗೆ ಹತ್ತಿರವಾದದ್ದನ್ನು ಹಿಡಿದು, ಉಳಿದ ಚೂರುಪಾರನ್ನು ಮಾತ್ರ ಸಾಫ್ಟ್‌ವೇರಿನ ಗೆರೆಗೆ ಬಿಡಬೇಕು.

ಕರ್ವ್ ಬೇರೆ, ಡೈನಾಮಿಕ್ಸ್ ಬೇರೆ

ಹೆಚ್ಚು ಜನ ಎಡವುವುದು ಇಲ್ಲಿ. ಕರ್ವ್ ಹೇಳುವುದು, ಬೆರಳಿನ ಯಾವ ವೇಗಕ್ಕೆ ಯಾವ ಮೆಟ್ಟಿಲು ಎಂದು. ಡೈನಾಮಿಕ್ ರೇಂಜ್ ಹೇಳುವುದು, ಕೆಳಗಿನ ಮೆಟ್ಟಿಲಿಗೂ ಮೇಲಿನ ಮೆಟ್ಟಿಲಿಗೂ ಎಷ್ಟು ಎತ್ತರದ ಅಂತರ ಎಂದು. ಇದನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. 10 ಡೆಸಿಬೆಲ್ ಏರಿದರೆ ಕಿವಿಗೆ ಸುಮಾರು ಎರಡರಷ್ಟು ಜೋರು ಅನ್ನಿಸುತ್ತದೆ. ಅನೇಕ ಸಾಫ್ಟ್‌ವೇರುಗಳಲ್ಲಿ ‘ಡೈನಾಮಿಕ್ಸ್’ ಅಥವಾ ‘ಡೈನಾಮಿಕ್ ರೇಂಜ್’ ಎಂದು ಇದಕ್ಕೆ ಬೇರೆಯೇ ಸ್ಲೈಡರ್ ಇದೆ.

ಬೇಸಿಗೆಯಲ್ಲಿ ಮೇಲೆ ಫ್ಯಾನ್ ತಿರುಗುವ, ಕಿಟಕಿಯಾಚೆ ಬಸ್ಸು ಓಡಾಡುವ ಕೋಣೆಯಲ್ಲಿ ಕೂತು ನುಡಿಸುವವರಿಗೆ ಮೆತ್ತಗಿನ ಸ್ವರ ಕೇಳಿಸದು. ಕೇಳಿಸಲಿ ಎಂದು ಅವರು ಕರ್ವ್ ಉಬ್ಬಿಸುತ್ತಾರೆ. ಆಗ ಪಿಯಾನೋ ಮೆತ್ತಗಿನ ಸ್ವರವನ್ನು ಜೋರು ಮಾಡುವುದಿಲ್ಲ, ಮೆತ್ತಗಿನ ಸ್ವರದ ಬದಲು ಗಟ್ಟಿ ಸ್ವರವನ್ನೇ ಕೊಡುತ್ತದೆ. ನಯ ಹೋಗಿ ಎಲ್ಲವೂ ಹೊಳೆಯತೊಡಗುತ್ತದೆ. ಅಲ್ಲಿ ಬೇಕಾದದ್ದು ಡೈನಾಮಿಕ್ ರೇಂಜ್ ತುಸು ತಗ್ಗಿಸಿ ವಾಲ್ಯೂಮ್ ಏರಿಸುವುದು, ಇಲ್ಲವೇ ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳುವುದು. ಸಿನಿಮಾ ಹಾಡಿಗೆ ಟ್ರ್ಯಾಕ್ ಮಾಡುವವರದು ಇನ್ನೊಂದು ಕತೆ. ತಾಳವಾದ್ಯ, ಸ್ಟ್ರಿಂಗ್ಸ್, ಗಾಯಕರ ನಡುವೆ ಪಿಯಾನೋ ಮುಳುಗಬಾರದು. ಅವರು ರೇಂಜ್ ಕುಗ್ಗಿಸುವುದರಲ್ಲಿ ನ್ಯಾಯವಿದೆ. ಒಂಟಿಯಾಗಿ ಶೋಪ್ಯಾಂ ಅಭ್ಯಾಸ ಮಾಡುವವರು ಅದೇ ಸೆಟ್ಟಿಂಗ್ ಇಟ್ಟುಕೊಂಡರೆ, ಕೈ ಮಾಡಿದ ತಪ್ಪು ಕಿವಿಗೆ ತಿಳಿಯದೇ ಹೋಗುತ್ತದೆ.

ಸ್ಯಾಂಪಲ್ಲೋ, ಮಾದರಿಯೋ

ವರ್ಚುವಲ್ ಪಿಯಾನೋಗಳಲ್ಲಿ ಎರಡು ಪಂಥ. ಒಂದು, ನಿಜವಾದ ಪಿಯಾನೋದ ಸ್ವರಗಳನ್ನು ಬೇರೆ ಬೇರೆ ವೇಗದಲ್ಲಿ ನುಡಿಸಿ ರೆಕಾರ್ಡ್ ಮಾಡಿಟ್ಟುಕೊಳ್ಳುವುದು. ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದ ಗ್ಯಾರಿಟನ್ ಸಿಎಫ್‌ಎಕ್ಸ್ ಈ ಸಾಲಿನದು. ಉಚಿತವಾಗಿ ಸಿಗುವ ಸಲಮ್ಯಾಂಡರ್ ಗ್ರ್ಯಾಂಡ್ ಪಿಯಾನೋ ಕೂಡ ಇದೇ ಬಗೆ. ಯಮಹಾ ಸಿ5 ಪಿಯಾನೋದಿಂದ ತೆಗೆದ ಅದರಲ್ಲಿ 16 ವೇಗದ ಲೇಯರ್‌ಗಳಿವೆ. ಅಂದರೆ ಸುಮಾರು ಎಂಟೆಂಟು ಅಂಕೆಗಳಿಗೆ ಒಂದು ರೆಕಾರ್ಡಿಂಗ್. ಒಂದು ಲೇಯರಿನೊಳಗೆ ಬದಲಾಗುವುದು ಹೆಚ್ಚಾಗಿ ದನಿಯ ಮಟ್ಟ, ಗಡಿ ದಾಟಿದಾಗ ಬಣ್ಣ. ಒಂದೇ ಸ್ವರವನ್ನು ನಿಧಾನವಾಗಿ ಏರಿಸುತ್ತ ನುಡಿಸಿದರೆ ಕೆಲವು ಸ್ಯಾಂಪಲ್ ಪಿಯಾನೋಗಳಲ್ಲಿ ಈ ಗಡಿ ಕಿವಿಗೆ ತಟ್ಟುತ್ತದೆ. ನೀವು ಹೆಚ್ಚಾಗಿ ನುಡಿಸುವ ವೇಗ ಇಂಥ ಗಡಿಯ ಮೇಲೇ ಕೂತರೆ ಪಕ್ಕಪಕ್ಕದ ಸ್ವರಗಳ ಬಣ್ಣ ಎರಡಾಗಿ ಕೇಳಿಸುತ್ತದೆ. ಕರ್ವ್ ಅನ್ನು ಕೂದಲೆಳೆಯಷ್ಟು ಸರಿಸಿದರೂ ಇದು ಸರಿಹೋಗಬಹುದು.

ಇನ್ನೊಂದು ಪಂಥ ರೆಕಾರ್ಡಿಂಗ್ ಇಲ್ಲದೆ ತಂತಿ, ಸುತ್ತಿಗೆ, ಸೌಂಡ್‌ಬೋರ್ಡುಗಳ ನಡತೆಯನ್ನು ಗಣಿತದಿಂದ ಆಗಿಂದಾಗ ಲೆಕ್ಕ ಹಾಕುವುದು. ಫ್ರಾನ್ಸಿನ ತುಲೂಸ್‌ನ ಮೊಡಾರ್ಟ್ ಸಂಸ್ಥೆ 2006ರಲ್ಲಿ ಹೊರತಂದ ಪಿಯಾನೋಟೆಕ್ ಇದರಲ್ಲಿ ಹೆಸರುವಾಸಿ. ಅದನ್ನು ಕಟ್ಟಿದ ಫಿಲಿಪ್ ಗಿಯೋಮ್ ಗಣಿತಜ್ಞ. ಹಿಂದೆ ಪಿಯಾನೋ ಶ್ರುತಿ ಮಾಡುತ್ತಿದ್ದವರು. ಲೇಯರ್ ಇಲ್ಲದ್ದರಿಂದ ಗಡಿಯೂ ಇಲ್ಲ. ಕರ್ವ್, ಡೈನಾಮಿಕ್ಸ್ ಎರಡಕ್ಕೂ ಬೇರೆ ಬೇರೆ ಹಿಡಿಕೆಗಳಿವೆ. ಮೆತ್ತಗೆ, ನಡುವೆ, ಜೋರು ಎಂಬ ಮೂರು ಹಂತಕ್ಕೂ ಸುತ್ತಿಗೆಯ ಗಡಸುತನವನ್ನು ಪ್ರತ್ಯೇಕವಾಗಿ ಹೊಂದಿಸಬಹುದು. ನಿಮ್ಮಿಂದಲೇ ಮೆತ್ತಗೆ, ಜೋರಾಗಿ ನುಡಿಸಿಸಿ ಕರ್ವ್ ಅಂದಾಜಿಸಿ ಕೊಡುವ ಸೌಲಭ್ಯವೂ ಇದೆ. ಹೊಂದಾಣಿಕೆಯ ಮಟ್ಟಿಗೆ ಈ ಪಂಥ ಮುಂದಿದೆ. ಒಂದು ನಿರ್ದಿಷ್ಟ ಪಿಯಾನೋದ, ಒಂದು ನಿರ್ದಿಷ್ಟ ಸಭಾಂಗಣದ ದನಿಯೇ ಬೇಕೆನ್ನುವವರು ಮಾತ್ರ ಇಂದಿಗೂ ಸ್ಯಾಂಪಲ್ ಕಡೆಗೇ ವಾಲುತ್ತಾರೆ.

127 ಸಾಲದೇ?

ಅಂಕೆ ಹೆಚ್ಚಾದರೆ ಎಲ್ಲ ಸರಿಹೋಗುತ್ತದೆ ಎಂಬುದು ಇನ್ನೊಂದು ವಾದ. ಯಮಹಾದ ಡಿಸ್ಕ್ಲೇವಿಯರ್ ಪ್ರೊ ಪಿಯಾನೋಗಳು ವೇಗವನ್ನು 1024 ಹಂತಗಳಲ್ಲಿ ದಾಖಲಿಸುತ್ತವೆ. ಹಳೆಯ ಮಿಡಿಯಲ್ಲೇ ಜೊತೆಗೊಂದು ಸಂದೇಶ ಕಳಿಸಿ ಇನ್ನೂ 7 ಬಿಟ್ ಸೇರಿಸುವ ದಾರಿ ಇದೆ. 2020ರಲ್ಲಿ ಬಂದ ಮಿಡಿ 2.0 ವೆಲಾಸಿಟಿಗೆ 16 ಬಿಟ್ ಕೊಟ್ಟಿದೆ, ಅಂದರೆ 65,536 ಹಂತ. ಮೇಲೆ ಹೇಳಿದ ಕಂದಕದ ತೊಡಕು ಇದರಿಂದ ನಿಜಕ್ಕೂ ಕರಗುತ್ತದೆ. ಆದರೆ ಕೀಬೋರ್ಡು, ಕಂಪ್ಯೂಟರು, ಸಾಫ್ಟ್‌ವೇರು ಮೂರೂ ಅದನ್ನು ಅರಿತಿರಬೇಕು. ಸೆನ್ಸರೂ ಅಷ್ಟು ನಯವಾಗಿ ಅಳೆಯಬೇಕು. ಒರಟು ಸೆನ್ಸರಿನ ಅಳತೆಯನ್ನು ಲಕ್ಷ ಹಂತಗಳಲ್ಲಿ ಬರೆದರೂ ಅದು ಒರಟೇ. ಜೊತೆಗೆ, ಗೆರೆ ತಪ್ಪಾಗಿದ್ದರೆ ಹಂತ ಹೆಚ್ಚಿದಷ್ಟೂ ತಪ್ಪೇ ನಯವಾಗುತ್ತದೆ. ಇಂದಿನ ಸಾಮಾನ್ಯ ನುಡಿಸುಗಾರರಿಗೆ ಹೊಸ ಮಿಡಿಗಿಂತ ನೆಟ್ಟಗಿನ ಕರ್ವ್ ಹೆಚ್ಚು ಉಪಕಾರಿ.

ಬಗ್ಗಬೇಕಾದ್ದು ಕೈಯೋ, ಗೆರೆಯೋ?

ಸಂಗೀತ ಕಲಿಸುವವರಲ್ಲಿ ಒಂದು ಕಟ್ಟುನಿಟ್ಟಿನ ನಿಲುವಿದೆ: ಪಿಯಾನೋ ಹೇಗಿದೆಯೋ ಹಾಗೆ ಕೈ ಪಳಗಬೇಕು. ಊರೂರಿಗೆ ಹೋಗಿ ನುಡಿಸುವವರಿಗೆ ತಮ್ಮ ಪಿಯಾನೋವನ್ನು ಹೊತ್ತೊಯ್ಯಲಾಗುವುದಿಲ್ಲ. ಸಿಕ್ಕಿದ ವಾದ್ಯದಲ್ಲೇ ದನಿ ಹುಡುಕಬೇಕು. ಇದರಲ್ಲಿ ನಿಜವಿದೆ. ಆದರೆ ಅದು ನಿಜವಾದ ಪಿಯಾನೋಗೆ ಹೊಂದುವ ಮಾತು. ಅಲ್ಲಿ ಕೀ, ಸುತ್ತಿಗೆ, ತಂತಿ ಮೂರನ್ನೂ ಒಟ್ಟಿಗೆ ಕಟ್ಟಿ ಹದಗೊಳಿಸಿದ ಕುಶಲಕರ್ಮಿಗಳಿರುತ್ತಾರೆ. ವರ್ಚುವಲ್ ಪಿಯಾನೋದಲ್ಲಿ ಕೀ ಒಬ್ಬರದು, ದನಿ ಇನ್ನೊಬ್ಬರದು. ಹದಗೊಳಿಸುವ ಕೆಲಸ ಕೊಂಡವರ ಮನೆಗೆ ಬಂದು ಬಿದ್ದಿದೆ. ಹದಗೊಳಿಸದ ವಾದ್ಯಕ್ಕೆ ಕೈ ಪಳಗಿಸಿದರೆ ಕೈಯೇ ಕೆಡುತ್ತದೆ.

ಕರ್ನಾಟಕದ ವಿದ್ಯಾರ್ಥಿಗಳಿಗೆ ಇದು ದೊಡ್ಡ ಮಾತು. ಮೈಸೂರಿನ ಜಯಚಾಮರಾಜ ಒಡೆಯರ್ ಸ್ವತಃ ಪಿಯಾನೋ ನುಡಿಸುತ್ತಿದ್ದವರು; ರಷ್ಯಾದ ನಿಕೊಲಾಯ್ ಮೆಟ್ನರ್‌ನ ಕೃತಿಗಳ ರೆಕಾರ್ಡಿಂಗಿಗೆ ಹಣ ಕೊಟ್ಟು ನೆರವಾದವರು. ಮೆಟ್ನರ್ ತನ್ನ ಮೂರನೆಯ ಪಿಯಾನೋ ಕಾನ್ಚೆರ್ಟೊವನ್ನು ಅವರಿಗೇ ಅರ್ಪಿಸಿದ. ಆದರೆ ಅರಮನೆಗೆ ಬಂದಂತೆ ಗ್ರ್ಯಾಂಡ್ ಪಿಯಾನೋ ಮನೆಮನೆಗೆ ಬರಲಿಲ್ಲ. ಇಂದು ಟ್ರಿನಿಟಿ, ಎಬಿಆರ್‌ಎಸ್‌ಎಂ ಗ್ರೇಡ್ ಪರೀಕ್ಷೆಗಳಿಗೆ ಕೂರುವ ಮಕ್ಕಳಲ್ಲಿ ಬಹಳಷ್ಟು ಮಂದಿ ಅಭ್ಯಾಸ ಮಾಡುವುದು ಕೀಬೋರ್ಡಿನಲ್ಲೇ. ಅವರ ಕರ್ವ್ ಅತಿಯಾಗಿ ಉಬ್ಬಿದ್ದರೆ, ಮೆಲ್ಲಗೆ ಸವರಿದರೂ ತುಂಬು ದನಿ ಬರುವ ಅಭ್ಯಾಸವಾಗುತ್ತದೆ. ನಿಜ ಪಿಯಾನೋದ ಮುಂದೆ ಕೂತ ದಿನ ಅರ್ಧ ಸ್ವರಗಳು ಹುಟ್ಟುವುದೇ ಇಲ್ಲ. ಅಂಥವರಿಗೆ ಆರಾಮಕ್ಕಿಂತ ತುಸು ಭಾರವಾದ ಕರ್ವ್ ಒಳ್ಳೆಯದು. ಪರೀಕ್ಷೆಯ ಗೊಡವೆಯಿಲ್ಲದೆ ಮನೆಯಲ್ಲಿ ಸಂತೋಷಕ್ಕೆ ನುಡಿಸುವ ಹಿರಿಯರಿಗೆ, ಬೆರಳಿನ ಗಂಟು ನೋಯುವವರಿಗೆ ಹಗುರ ಕರ್ವ್ ಇಟ್ಟುಕೊಳ್ಳಲು ಯಾರ ಅಪ್ಪಣೆಯೂ ಬೇಡ.

ಹೊಂದಿಸುವ ಕ್ರಮ

ಮೊದಲು ಅಂಕೆಗಳನ್ನು ಕಣ್ಣಾರೆ ನೋಡಬೇಕು. ವಿಂಡೋಸ್‌ನಲ್ಲಿ ಮಿಡಿ-ಆಕ್ಸ್, ಮ್ಯಾಕ್‌ನಲ್ಲಿ ಮಿಡಿ ಮಾನಿಟರ್ ಎಂಬ ಸಣ್ಣ ಪ್ರೋಗ್ರಾಂಗಳು ಪ್ರತಿ ಸ್ವರದ ವೆಲಾಸಿಟಿ ತೋರಿಸುತ್ತವೆ. ರೆಕಾರ್ಡಿಂಗ್ ಸಾಫ್ಟ್‌ವೇರಿದ್ದರೆ ಅದರ ಪಿಯಾನೋ ರೋಲ್‌ನಲ್ಲೇ ನೋಡಬಹುದು. ಒಂದು ಸ್ವರವನ್ನು ಇಪ್ಪತ್ತು ಸಲ ಅತಿ ಮೆತ್ತಗೆ, ಇಪ್ಪತ್ತು ಸಲ ಮಾತಾಡುವ ಹದದಲ್ಲಿ, ಇಪ್ಪತ್ತು ಸಲ ಪೂರ್ತಿ ಜೋರಾಗಿ ನುಡಿಸಿ ಬರೆದಿಟ್ಟುಕೊಳ್ಳಿ. ಕಪ್ಪು ಕೀಯಲ್ಲಿ, ಎರಡೂ ತುದಿಗಳಲ್ಲಿ ಮತ್ತೊಮ್ಮೆ ಮಾಡಿ. ಅಲ್ಲಿನ ಅಂಕೆ ಬೇರೆ ಬರುವುದುಂಟು.

ಎರಡನೆಯದು, ಕೀಬೋರ್ಡಿನ ಟಚ್ ಆಯ್ಕೆಗಳನ್ನು ಒಂದೊಂದಾಗಿ ಬದಲಿಸಿ ಅಂಕೆಗಳು ಹೆಚ್ಚು ಅಗಲವಾಗಿ ಹರಡುವಂಥದ್ದನ್ನು ಹಿಡಿಯಿರಿ. ಮೂರನೆಯದು, ಆಡಿಯೋ ಬಫರ್, ಅಂದರೆ ದನಿ ಹೊರಬಿಡುವ ಮುನ್ನ ಕಂಪ್ಯೂಟರ್ ಕೂಡಿಟ್ಟುಕೊಳ್ಳುವ ಕಂತು, ಎಷ್ಟಿದೆ ನೋಡಿಕೊಳ್ಳಿ. ಸೆಕೆಂಡಿಗೆ 44,100 ಸ್ಯಾಂಪಲ್ ಇದ್ದಾಗ 512ರ ಬಫರ್ ಸುಮಾರು 12 ಮಿಲಿಸೆಕೆಂಡ್ ತಡ ತರುತ್ತದೆ, 256 ಇಟ್ಟರೆ ಅದರ ಅರ್ಧ. ದನಿ ತಡವಾಗಿ ಬಂದರೆ ಕೀಯೇ ಭಾರವಾದಂತೆ ಕೈಗೆ ಭ್ರಮೆಯಾಗುತ್ತದೆ. ಆ ಭ್ರಮೆಗೆ ಕರ್ವ್ ತಿದ್ದುವುದು ವ್ಯರ್ಥ. ನಾಲ್ಕನೆಯದಾಗಿ ಗೆರೆಯ ತುದಿಗಳನ್ನು ಸರಿಪಡಿಸಿ, ಆಮೇಲೆ ನಡುವನ್ನು. ಮಾತಾಡುವ ಹದದಲ್ಲಿ ನುಡಿಸಿದ್ದು 60ರಿಂದ 75ರ ನಡುವೆ ಬಂದರೆ ಮೇಲಕ್ಕೂ ಕೆಳಕ್ಕೂ ಸಾಕಷ್ಟು ಜಾಗ ಉಳಿಯುತ್ತದೆ. ಐದನೆಯದು ಡೈನಾಮಿಕ್ ರೇಂಜ್, ಕೊನೆಯದು ವಾಲ್ಯೂಮ್. ಪರೀಕ್ಷಿಸಲು ಸ್ಕೇಲ್ ಬೇಡ. ಕೈಗೆ ಚೆನ್ನಾಗಿ ಕೂತಿರುವ ಒಂದು ನಿಧಾನದ ತುಣುಕನ್ನು ನುಡಿಸಿ. ಎಡಗೈಯ ಜೊತೆಸ್ವರಗಳು ಬಲಗೈಯ ರಾಗವನ್ನು ಮುಚ್ಚದೆ ಹಿಂದೆ ನಿಲ್ಲುತ್ತವೆಯೇ ಎಂದು ಕೇಳಿ. ನಿಂತರೆ ಕರ್ವ್ ಸರಿಯಿದೆ.

ಆಮೇಲಿನ ಕೆಲಸ, ಆ ಸೆಟ್ಟಿಂಗನ್ನು ಕೀಬೋರ್ಡಿನ ಹೆಸರಿನಲ್ಲೇ ಸೇವ್ ಮಾಡಿ ಒಂದು ತಿಂಗಳು ಮುಟ್ಟದಿರುವುದು. ದಿನಕ್ಕೊಂದು ಕರ್ವ್ ಬದಲಿಸುವವರ ಕೈ ಯಾವ ಕರ್ವನ್ನೂ ಕಲಿಯುವುದಿಲ್ಲ. ಇಷ್ಟೆಲ್ಲ ಮಾಡಿದ ಮೇಲೂ ದನಿ ಒಪ್ಪಿಗೆಯಾಗದಿದ್ದರೆ ಆಗ ಹೊಸ ಸಾಫ್ಟ್‌ವೇರ್ ಕೊಳ್ಳಿ. ಕೊಂಡ ಮೇಲೆ ಈ ಕ್ರಮವನ್ನು ಮತ್ತೆ ಮೊದಲಿನಿಂದ ಮಾಡಬೇಕು, ಏಕೆಂದರೆ ಹಳೆಯ ಸಾಫ್ಟ್‌ವೇರಿನ 64 ಹೊಸದರ 64 ಅಲ್ಲ.